ಜರ್ಮನಿಯಲ್ಲಿ ಸೆಮಿಸ್ಟರ್ ಮುಗಿಯಲು ಏಳು ವಾರ: ದಾವಣಗೆರೆಗೆ ಹೊರಡುವ ಮುಂಚೆ ಯಾವ ಕೆಲಸ ಮೊದಲು?

ಪ್ರಶ್ನೆ: ಕುಂದವಾಡ_ಕೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ, ಆರನೇ ಸೆಮಿಸ್ಟರ್ ಮಾತ್ರ ಎಕ್ಸ್‌ಚೇಂಜ್ ಮೇಲೆ ಜರ್ಮನಿಯಲ್ಲಿ. ಇನ್ನು ಏಳು ವಾರ ಉಳಿದಿದೆ. ಜುಲೈ 22ಕ್ಕೆ ಒಂದು ರಿಟನ್ ಪರೀಕ್ಷೆ, 28ಕ್ಕೆ ಒಂದು ಓರಲ್, ಜೊತೆಗೆ ಒಂದು ಲ್ಯಾಬ್ ರಿಪೋರ್ಟ್. ಆಗಸ್ಟ್ 8ಕ್ಕೆ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಟಿಕೆಟ್ ಆಗಿದೆ. ಏಳನೇ ಸೆಮ್ ರಿಜಿಸ್ಟ್ರೇಷನ್ ಹೊತ್ತಿಗೆ ಇಲ್ಲಿನ ಅಂಕಪಟ್ಟಿ ಬೇಕು ಅಂತ ಊರಿನ ಕಾಲೇಜಿನವರು ಹೇಳಿದ್ದಾರೆ.

ಗೊಂದಲ ಇರುವುದು ಇಷ್ಟು. ಒಪ್ಪಿಗೆ ಪಡೆದು ಬಂದಿದ್ದ ಒಂದು ವಿಷಯವನ್ನು ಈ ಸಲ ಇಲ್ಲಿ ನಡೆಸಲಿಲ್ಲ, ಏಪ್ರಿಲ್‌ನಲ್ಲಿ ಬೇರೆ ವಿಷಯ ತಗೊಂಡೆ. ಊರಿಗೆ ಒಂದು ಮೇಲ್ ಹಾಕಿದ್ದು ಬಿಟ್ಟರೆ ಅದರ ಕಾಗದಪತ್ರ ಏನೂ ಆಗಿಲ್ಲ. ಹಾಸ್ಟೆಲ್ ಕರಾರು ಆಗಸ್ಟ್ 31ರವರೆಗೆ ಇದೆ, ಡಿಪಾಸಿಟ್ ವಾಪಸ್ ಬರಬೇಕು. ಬ್ಲಾಕ್ಡ್ ಅಕೌಂಟ್‌ನಲ್ಲಿ (ಖರ್ಚಿನ ಹಣ ಮೊದಲೇ ಇಟ್ಟು, ತಿಂಗಳಿಗೊಂದು ಕಂತು ಬಿಡಿಸಿಕೊಳ್ಳುವ ಖಾತೆ) 992 ಯೂರೋದ ಎರಡು ಕಂತು ಉಳಿದಿದೆ. ನಾಲ್ಕು ಜನರ ಫ್ಲ್ಯಾಟ್‌ನ ರೇಡಿಯೋ-ಟಿವಿ ಶುಲ್ಕ ನನ್ನ ಹೆಸರಿನಲ್ಲಿದೆ. ಹೊರಡುವ ಮುಂಚೆ ಬ್ಯಾಂಕ್ ಅಕೌಂಟ್ ಮುಚ್ಚಿಬಿಡಲೇ? ಯಾವುದು ಮೊದಲು, ಯಾವುದು ಆಮೇಲೆ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ: ಜೋಗಿಮಟ್ಟಿ

ಮೊದಲು ಆ ಬದಲಾದ ವಿಷಯದ ಕಾಗದ ಮಾಡಿಸಿಕೋ ತಂಗಿ, ಈ ವಾರವೇ. ಡಿಪಾಸಿಟ್ಟು, ವಿಮೆ, ಬ್ಯಾಂಕು ಇವನ್ನೆಲ್ಲ ದಾವಣಗೆರೆಯಲ್ಲಿ ಕೂತು ಮೇಲ್ ಬರೆದಾದರೂ ಸರಿಮಾಡಬಹುದು. ಆದರೆ ಪರೀಕ್ಷೆ ಪಾಸಾದ ಮೇಲೆ 'ಈ ವಿಷಯಕ್ಕೆ ನಾವು ಒಪ್ಪಿರಲೇ ಇಲ್ಲ' ಅಂತ ಊರಿನ ವಿಭಾಗ ಹೇಳಿದರೆ ಅಷ್ಟೂ ಕ್ರೆಡಿಟ್ ತ್ರಿಶಂಕು ಆಗುತ್ತದೆ.

ಮಾಡಬೇಕಾದ್ದು ಹೀಗೆ. ಲರ್ನಿಂಗ್ ಅಗ್ರಿಮೆಂಟ್‌ನಲ್ಲಿ, ಅಂದರೆ ಅಲ್ಲಿ ಯಾವ ವಿಷಯ ಓದುವುದು ಅಂತ ಎರಡೂ ಕಡೆ ಒಪ್ಪಿ ಸಹಿ ಹಾಕಿದ ಪತ್ರದಲ್ಲಿ, ನಡುವೆ ಆದ ಬದಲಾವಣೆಗೆಂದೇ ಒಂದು ಭಾಗ ಇರುತ್ತದೆ. ಬಿಟ್ಟ ವಿಷಯ, ಸೇರಿಸಿದ ವಿಷಯ ಎರಡನ್ನೂ ಕೋಡ್ ಸಮೇತ ಬರೆದು, ನೀನು ಸಹಿ ಹಾಕಿ, ಅಲ್ಲಿನ ಸಂಯೋಜಕರ ಸಹಿ ತಗೊಂಡು, ಆಮೇಲೆ ಊರಿನ ವಿಭಾಗದ ಮುಖ್ಯಸ್ಥರಿಗೆ ಕಳಿಸು. ಬರೀ ಫಾರ್ಮ್ ಕಳಿಸಿದರೆ ಟೇಬಲ್ ಮೇಲೆ ಕೂರುತ್ತದೆ. ಜೊತೆಗೆ ಮಾಡ್ಯೂಲ್ ಹ್ಯಾಂಡ್‌ಬುಕ್‌ನ (ಅಲ್ಲಿನ ಪಠ್ಯ ವಿವರದ ಪುಸ್ತಕ) ಆ ವಿಷಯದ ಪುಟವನ್ನೂ ಇಂಗ್ಲಿಷ್ ಆವೃತ್ತಿ ಹುಡುಕಿ ಲಗತ್ತಿಸು, ಮತ್ತು ಗಂಟೆಗಳ ಲೆಕ್ಕವನ್ನು ನೀನೇ ಬರೆದುಕೊಡು. ನಮ್ಮ ಕಡೆ ಕ್ರೆಡಿಟ್ ನೋಡುವುದು ಪಾಠದ ಗಂಟೆಯ ಮೇಲೆ, ಅಲ್ಲಿ ಒಟ್ಟು ಶ್ರಮದ ಗಂಟೆಯ ಮೇಲೆ. ಸಮಸ್ಯೆ ಹುಟ್ಟುವುದೇ ಇಲ್ಲಿ. ಯುರೋಪಿನ 1 ಕ್ರೆಡಿಟ್ ಅಂದರೆ ಮನೆಯಲ್ಲಿ ಓದುವುದೂ ಸೇರಿ 25ರಿಂದ 30 ಗಂಟೆ, ಹಾಗಾಗಿ 5 ಕ್ರೆಡಿಟ್‌ನ ವಿಷಯ ಅಂದರೆ 125ರಿಂದ 150 ಗಂಟೆ. ನಮ್ಮವರು ಕೇಳುವುದು ತರಗತಿಯ ಗಂಟೆ. ಹ್ಯಾಂಡ್‌ಬುಕ್‌ನಲ್ಲಿ ವಾರಕ್ಕೆ 4 ಅವಧಿ ಅಂತಿದ್ದರೆ, ಒಂದು ಅವಧಿ 45 ನಿಮಿಷ. 14 ವಾರಕ್ಕೆ 56 ಅವಧಿ, ಅಂದರೆ 42 ಗಂಟೆ. ನಮ್ಮಲ್ಲಿ ವಾರಕ್ಕೆ ಮೂರು ಗಂಟೆ ಪಾಠದ 3 ಕ್ರೆಡಿಟ್ ವಿಷಯಕ್ಕೆ ಅದು ಸರಿಹೊಂದುತ್ತದೆ. ಈ ಒಂದು ಸಾಲಿನ ಲೆಕ್ಕ ಕಾಗದದ ಮೇಲಿದ್ದರೆ ಸಹಿ ಬೇಗ ಬೀಳುತ್ತದೆ.

ಗ್ರೇಡ್ ಪರಿವರ್ತನೆಯನ್ನೂ ಈಗಲೇ ಕೇಳಿಟ್ಟುಕೋ. ಅಲ್ಲಿ 1.0 ಅತ್ಯುತ್ತಮ, 4.0 ಕೊನೆಯ ಪಾಸ್, 5.0 ಫೇಲ್. ನಮ್ಮದಕ್ಕೆ ಪೂರ್ತಿ ತಿರುಗುಮುರುಗು, ಹಾಗಾಗಿ 1.7 ನೋಡಿ 'ಇಷ್ಟು ಕಮ್ಮಿಯಾ' ಅನ್ನುವವರೂ ಇರುತ್ತಾರೆ. ಜರ್ಮನ್ ವಿಶ್ವವಿದ್ಯಾಲಯಗಳು ಹೊರದೇಶದ ಅಂಕ ಅಳೆಯಲು ಬಳಸುವ ಬವೇರಿಯನ್ ಸೂತ್ರವನ್ನು ತಿರುಗಿಸಿದರೆ ಲೆಕ್ಕ ಸುಲಭ. ಜರ್ಮನ್ ಗ್ರೇಡ್‌ನಿಂದ 1 ಕಳೆದು, 3ರಿಂದ ಭಾಗಿಸಿ, ನಿಮ್ಮ ಗರಿಷ್ಠ ಮತ್ತು ಪಾಸ್ ಪಾಯಿಂಟ್‌ಗಳ ವ್ಯತ್ಯಾಸದಿಂದ ಗುಣಿಸಿ, ಬಂದದ್ದನ್ನು ಗರಿಷ್ಠದಿಂದ ಕಳೆಯುವುದು. ಗರಿಷ್ಠ 10, ಪಾಸ್ 4 ಅಂತ ಹಿಡಿದರೆ 1.3ಕ್ಕೆ 9.4, 2.0ಕ್ಕೆ 8, 3.0ಕ್ಕೆ 6, 4.0ಕ್ಕೆ 4 ಬರುತ್ತದೆ. ಇದನ್ನೇ ಒಪ್ಪಬೇಕು ಅಂತ ಕಾಲೇಜಿಗೆ ಕಡ್ಡಾಯ ಇಲ್ಲ. ಕೆಲವರು ಗ್ರೇಡ್ ಬಿಟ್ಟು ಕ್ರೆಡಿಟ್ ಮಾತ್ರ ವರ್ಗಾಯಿಸುತ್ತಾರೆ. ಯಾವ ಪದ್ಧತಿ ಅಂತ ಬರವಣಿಗೆಯಲ್ಲೇ ಕೇಳು.

ಇನ್ನೊಂದು ನಮ್ಮ ಕಡೆಯವರಿಗೇ ಅಂಟಿದ ತೊಂದರೆ, ಇನಿಶಿಯಲ್. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ಎರಡಕ್ಷರ, ಪಾಸ್‌ಪೋರ್ಟ್‌ನಲ್ಲಿ ಅದೇ ಎರಡಕ್ಷರ ಬಿಡಿಸಿ ಊರು ಮತ್ತು ತಂದೆ ಹೆಸರು. ಜರ್ಮನಿಯವರು ಪಾಸ್‌ಪೋರ್ಟ್ ನೋಡಿಯೇ ಅಚ್ಚು ಹಾಕುತ್ತಾರೆ. ಊರಿಗೆ ಬಂದಾಗ ಎರಡೂ ಒಬ್ಬರೇ ಅಂತ ಸಾಬೀತು ಮಾಡುವ ಅಲೆದಾಟ ಬೇಡ ಅಂದರೆ, ಇಂತಿಷ್ಟು ದಿನ ಅಲ್ಲಿ ಓದಿದೆ ಅಂತ ವಿಶ್ವವಿದ್ಯಾಲಯ ಕೊಡುವ ವಾಸ್ತವ್ಯದ ದೃಢೀಕರಣ ಪತ್ರದಲ್ಲಿ ಪಾಸ್‌ಪೋರ್ಟ್ ಹೆಸರಿನ ಜೊತೆ ಜನ್ಮದಿನಾಂಕ ಮತ್ತು ನಿನ್ನ ಯುಎಸ್‌ಎನ್ (ಊರಿನ ಕಾಲೇಜಿನ ನೋಂದಣಿ ಸಂಖ್ಯೆ) ಸೇರಿಸಲು ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳು. ಪತ್ರ ಅವರೇ ಟೈಪ್ ಮಾಡುವುದು, ಒಂದು ಸಾಲು ಸೇರಿಸುವುದು ಕಷ್ಟವಲ್ಲ.

ಅಂತಿಮ ಅಂಕಪಟ್ಟಿ ಆಗಸ್ಟ್ 8ರೊಳಗೆ ಸಿಗುತ್ತದೆ ಅಂತ ನಂಬಿಕೊಂಡು ಕೂರಬೇಡ. ರಿಟನ್ ಪೇಪರ್ ತಿದ್ದಲು ಅಲ್ಲಿ ವಾರಗಟ್ಟಲೆ ತಗೊಳ್ಳುತ್ತಾರೆ. ಅಷ್ಟರವರೆಗೆ ತಾತ್ಕಾಲಿಕ ಅಂಕಪಟ್ಟಿ ಕೇಳು. ಅಂತಿಮ ಪ್ರತಿಯನ್ನು ಅವರ ಅಧಿಕೃತ ಮೇಲ್‌ನಿಂದ ನಿನ್ನ ಕಾಲೇಜಿನ ಅಧಿಕೃತ ಮೇಲ್‌ಗೆ ನೇರ ಕಳಿಸಲು ಹೇಳು, ನಿನಗೂ ಪ್ರತಿ ಇರಲಿ.

ಉತ್ತರ: ಪಿಜೆ_ಬಡಾವಣೆ

ಬ್ಯಾಂಕ್ ಅಕೌಂಟ್ ಮುಚ್ಚಬೇಡಿ. ಅದು ಎಲ್ಲಕ್ಕಿಂತ ಕೊನೆಗೆ. ಡಿಪಾಸಿಟ್, ಬ್ಲಾಕ್ಡ್ ಅಕೌಂಟ್‌ನ ಬಾಕಿ, ವಿಮೆಯವರು ಹೆಚ್ಚಿಗೆ ಹಿಡಿದದ್ದು, ಎಲ್ಲವೂ ಬಂದು ಬೀಳುವುದು ಅಲ್ಲಿಗೇ. ಡಿಪಾಸಿಟ್ ಫಾರ್ಮ್ ಐಬಿಎಎನ್ (ಯುರೋಪಿನ ಬ್ಯಾಂಕುಗಳು ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಕೇಳುತ್ತದೆ, ಭಾರತದ ಖಾತೆಗಳಿಗೆ ಐಬಿಎಎನ್ ಎಂಬುದೇ ಇಲ್ಲ.

ಉಳಿದವಕ್ಕೆಲ್ಲ ಬೀಗದ ಕೈ ಒಂದೇ: ವಿಳಾಸ ರದ್ದತಿ, ಅಲ್ಲಿನ ಮಾತಿನಲ್ಲಿ ಆಪ್‌ಮೆಲ್ಡುಂಗ್. ಮನೆ ಬಿಡುವ ದಿನಕ್ಕೆ ಒಂದು ವಾರ ಮುಂಚೆಯಿಂದ, ಬಿಟ್ಟ ಮೇಲೆ ಎರಡು ವಾರದೊಳಗೆ ಮಾಡಬೇಕು. ಅದಕ್ಕೂ ಮುಂಚೆ ಹೋದರೆ ತಗೊಳ್ಳುವುದಿಲ್ಲ. ನಿಮಗೆ ಆಗಸ್ಟ್ 1ರಿಂದ ಕಿಟಕಿ ತೆರೆಯುತ್ತದೆ. ಅಪಾಯಿಂಟ್‌ಮೆಂಟ್ ಬೇಕಾದ ಊರಾದರೆ ಆ ವಾರದ ದಿನಾಂಕವನ್ನು ಜೂನ್‌ನಲ್ಲೇ ಹಿಡಿದಿಡಿ. ಎಷ್ಟೋ ಊರುಗಳಲ್ಲಿ ಅಂಚೆಯಲ್ಲಿ ಅಥವಾ ಮೇಲ್‌ನಲ್ಲಿ ಪಾಸ್‌ಪೋರ್ಟ್ ಪ್ರತಿ ಹಾಕಿ ಕಳಿಸಿದರೂ ನಡೆಯುತ್ತದೆ. ಹೊಸ ವಿಳಾಸದ ಜಾಗದಲ್ಲಿ ದಾವಣಗೆರೆಯ ಮನೆ ವಿಳಾಸವನ್ನು 577ರಿಂದ ಶುರುವಾಗುವ ಪಿನ್ ಮತ್ತು ಮೊಬೈಲ್ ನಂಬರ್ ಸಮೇತ ಬರೆಯಿರಿ, ಆಮೇಲಿನ ಪತ್ರಗಳು ಬರುವುದು ಅಲ್ಲಿಗೆ. ವಿಳಾಸ ರದ್ದಾದ ದೃಢೀಕರಣ ಪತ್ರವನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಆ ಪತ್ರ ಕೈಗೆ ಬಂದ ದಿನವೇ ಮೂರು ಕಡೆಗೆ ಕಳಿಸಿ. ಒಂದು, ಆರೋಗ್ಯ ವಿಮೆ. ಕಳಿಸದಿದ್ದರೆ ನೀವು ಊರಿಗೆ ಬಂದ ಮೇಲೂ ತಿಂಗಳ ಕಂತು ಕೇಳುತ್ತಲೇ ಇರುತ್ತಾರೆ. ಎರಡು, ಬ್ಲಾಕ್ಡ್ ಅಕೌಂಟ್‌ನ ಕಂಪನಿ. ನಿಮ್ಮ 1,984 ಯೂರೋ ಬಿಡುಗಡೆಗೆ ಬೇರೆ ಏನು ಕಾಗದ ಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಹಾಗಾಗಿ ಪಟ್ಟಿಯನ್ನು ಜುಲೈನಲ್ಲೇ ಬರೆದು ಕೇಳಿ. ಮೂರು, ರೇಡಿಯೋ-ಟಿವಿ ಶುಲ್ಕ. ಅದು ತಿಂಗಳಿಗೆ 18.36 ಯೂರೋ, ತಲೆಗಲ್ಲ, ಮನೆಗೆ. ನೀವು ರದ್ದು ಮಾಡಿ ಹೋದರೂ ಫ್ಲ್ಯಾಟ್‌ನಲ್ಲಿ ಉಳಿದವರಲ್ಲಿ ಒಬ್ಬರು ಕಟ್ಟಲೇಬೇಕು, ಅದಕ್ಕೆ ಮೊದಲೇ ಅವರಿಗೆ ಹೇಳಿ, ಅವರ ಹೆಸರಿನಲ್ಲಿ ನೋಂದಣಿ ಆದ ಮೇಲೆ ನಿಮ್ಮದನ್ನು ಬಿಡಿಸಿ.

ಅಲ್ಲಿನ ವಿಶ್ವವಿದ್ಯಾಲಯದ ಪ್ರವೇಶ ರದ್ದತಿಗೆ ಅರ್ಜಿ ಹಾಕುವ ಆತುರ ಬೇಡ. ಕೊನೆಯ ಪರೀಕ್ಷೆಗೆ ಮುಂಚಿನ ದಿನಾಂಕ ಬಿದ್ದರೆ ಪರೀಕ್ಷೆ ಬರೆಯುವ ಹಕ್ಕೇ ಹೋಗುತ್ತದೆ. ನಿಮ್ಮ ವಾಸದ ಪರವಾನಗಿ ಕೂಡ ಓದಿಗೆ ಕಟ್ಟಿಕೊಂಡಿದೆ. ಮತ್ತೆ, ವಿಶ್ವವಿದ್ಯಾಲಯದ ಮೇಲ್ ಐಡಿ ಮುಚ್ಚುವ ಮುಂಚೆ ಬ್ಯಾಂಕು, ವಿಮೆ, ಹಾಸ್ಟೆಲ್ ಎಲ್ಲ ಕಡೆ ಸ್ವಂತ ಮೇಲ್ ಕೊಡಿ. ಪಾಠದ ಫೈಲುಗಳನ್ನು ಇಳಿಸಿಕೊಳ್ಳಿ. ಬ್ಯಾಂಕ್ ಆ್ಯಪ್ ಈಗಿನ ಫೋನಿಗೆ ಜೋಡಣೆಯಾಗಿರುತ್ತದೆ. ಖಾತೆ ಮುಚ್ಚುವವರೆಗೆ ಆ ಫೋನ್ ರೀಸೆಟ್ ಮಾಡಬೇಡಿ, ಜರ್ಮನ್ ಸಿಮ್ ಎಸೆಯಬೇಡಿ. ಬಂದ ಮೇಲೆ ಯಾರಾದರೂ ತಪ್ಪಾಗಿ ಖಾತೆಯಿಂದ ಹಣ ಎಳೆದರೆ, ನೀವು ಒಪ್ಪಿಗೆ ಕೊಟ್ಟಿದ್ದ ಡೈರೆಕ್ಟ್ ಡೆಬಿಟ್ ಆದರೂ ಎಂಟು ವಾರದೊಳಗೆ ಆ್ಯಪ್‌ನಲ್ಲೇ ವಾಪಸ್ ತರಿಸಬಹುದು.

ಉತ್ತರ: ಸಂತೆಹೊಂಡ

ಡಿಪಾಸಿಟ್ ಕಡಿತವಾಗುವುದು ಬಹುಪಾಲು ಬಚ್ಚಲು ಮತ್ತು ಅಡುಗೆಮನೆಯಲ್ಲಿ. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ದುರ್ಗದಲ್ಲಿ ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಹಕ್ಕಳೆ ಇದೆಯಲ್ಲ, ಜರ್ಮನಿಯ ಎಷ್ಟೋ ಊರುಗಳ ನಲ್ಲಿ ನೀರಿನಲ್ಲೂ ಅದೇ ಸುಣ್ಣ. ನಲ್ಲಿಯ ಬುಡ, ಶವರ್ ಗಾಜು, ಕೆಟಲ್ ನೋಡಿಯೇ ನೋಡುತ್ತಾರೆ. ಅಂಗಡಿಯಲ್ಲಿ ಸಿಟ್ರಿಕ್ ಆ್ಯಸಿಡ್ ಪುಡಿ ಸಿಗುತ್ತದೆ, ನಮ್ಮ ನಿಂಬೆ ಉಪ್ಪು. ಒಂದು ಲೀಟರ್ ತಣ್ಣೀರಿಗೆ ಎರಡು-ಮೂರು ದೊಡ್ಡ ಚಮಚ. ತಣ್ಣೀರೇ ಆಗಬೇಕು, ಬಿಸಿ ಮಾಡಿದರೆ ಸುಣ್ಣದ ಜೊತೆ ಸೇರಿ ಇನ್ನೊಂದು ಗಟ್ಟಿ ಪೊರೆ ಕಟ್ಟುತ್ತದೆ, ಅದು ಮೊದಲಿನದಕ್ಕಿಂತ ಹಟಮಾರಿ. ಟಿಶ್ಯೂ ಅದ್ದಿ ನಲ್ಲಿ ಬುಡಕ್ಕೆ ಸುತ್ತಿ ಅರ್ಧ ಗಂಟೆ ಬಿಡಿ, ಆಮೇಲೆ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ. ಶವರ್ ತಲೆಯನ್ನು ಬಿಚ್ಚಿ ಅದೇ ನೀರಿನಲ್ಲಿ ಮುಳುಗಿಸಿ. ಕ್ಲೋರಿನ್ ಇರುವ ಯಾವ ಕ್ಲೀನರ್ ಜೊತೆಗೂ ಇದನ್ನು ಬೆರೆಸಬೇಡಿ, ವಿಷದ ಅನಿಲ ಬರುತ್ತದೆ. ಅಮೃತಶಿಲೆಯ ಮೇಲೆ ಹಾಕಲೇಬೇಡಿ.

ಅರಿಶಿನದ ಕಲೆ ಕಂಡ ಕೂಡಲೇ ಸೋಪು ಹಾಕುವುದು ಎಲ್ಲರ ಅಭ್ಯಾಸ. ಕ್ಷಾರ ತಾಗಿದರೆ ಅದು ಕೆಂಪಗಾಗಿ ಇನ್ನೂ ಎದ್ದು ಕಾಣುತ್ತದೆ. ಬಿಳಿ ಕಟಿಂಗ್ ಬೋರ್ಡ್, ಫ್ರಿಜ್ ಟ್ರೇ ಇಂಥವನ್ನು ಒರೆಸಿ ನೇರ ಬಿಸಿಲಿನ ಕಿಟಕಿಯಲ್ಲಿ ಎರಡು-ಮೂರು ದಿನ ಇಡಿ. ಅರಿಶಿನದ ಬಣ್ಣ ಬಿಸಿಲಿಗೆ ತಾನೇ ಬಿಳಿಚಿಕೊಳ್ಳುತ್ತದೆ, ಜುಲೈ ಅದಕ್ಕೆ ಒಳ್ಳೆಯ ಕಾಲ. ಒಗ್ಗರಣೆ ವಾಸನೆ ಗೋಡೆಯಲ್ಲಿ ಇರುವುದಕ್ಕಿಂತ ಹೆಚ್ಚು ಒಲೆ ಮೇಲಿನ ಚಿಮಣಿಯ ಜಾಲರಿಯಲ್ಲಿ ಇರುತ್ತದೆ. ಜಾಲರಿ ಬಿಚ್ಚಿ, ಬಿಸಿನೀರು ಮತ್ತು ಪಾತ್ರೆ ಸೋಪಿನಲ್ಲಿ ಅರ್ಧ ಗಂಟೆ ನೆನೆಸಿ. ಇಂಗಿನ ಡಬ್ಬಿಯನ್ನು ಒಂದು ವಾರ ಮುಂಚೆಯೇ ಖಾಲಿ ಮಾಡಿ. ಫ್ರೀಜರ್ ಹಿಂದಿನ ದಿನವೇ ಆಫ್ ಮಾಡಿ ಬಾಗಿಲು ತೆರೆದಿಡಿ. ಐಸನ್ನು ಚಾಕುವಿನಿಂದ ಕೆತ್ತಿದರೆ ಒಳಗಿನ ಕೊಳವೆ ತೂತಾಗಿ ಇಡೀ ಫ್ರಿಜ್‌ನ ದುಡ್ಡು ನಿಮ್ಮ ತಲೆಗೆ ಬರುತ್ತದೆ.

ರೂಮ್ ಒಪ್ಪಿಸುವ ಅಪಾಯಿಂಟ್‌ಮೆಂಟ್ ಹಾರುವ ದಿನ ಇಟ್ಟುಕೊಳ್ಳಬೇಡಿ, ಆಗಸ್ಟ್ 6 ಅಥವಾ 7ಕ್ಕೆ ಕೇಳಿ. ಏನಾದರೂ ಹೇಳಿದರೆ ಸರಿಮಾಡಲು ಒಂದು ದಿನ ಇರಲಿ. ಖಾಲಿ ರೂಮಿನ ವಿಡಿಯೋ ಮಾಡಿ, ಬಂದಾಗಿನ ಪಟ್ಟಿಯ ಜೊತೆ ಹೋಲಿಸಿ, ಕೀಲಿ ಎಷ್ಟು ಕೊಟ್ಟಿರಿ ಎಂಬುದು ಸೇರಿ ಒಪ್ಪಿಸುವ ಪತ್ರಕ್ಕೆ ಇಬ್ಬರೂ ಸಹಿ ಹಾಕಿ ಪ್ರತಿ ತಗೊಳ್ಳಿ. ಓದಲು ಬಾರದ ಜರ್ಮನ್ ಸಾಲಿದ್ದರೆ ಅರ್ಥ ಮಾಡಿಕೊಳ್ಳದೆ ಸಹಿ ಬೇಡ.

ಕುಂದವಾಡ_ಕೆರೆ:

ಎಲ್ಲರಿಗೂ ತುಂಬ ಧನ್ಯವಾದ. ಬದಲಾವಣೆ ಫಾರ್ಮ್ ಇವತ್ತೇ ಇಳಿಸಿಕೊಂಡೆ. ಎರಡು ಸಣ್ಣ ಪ್ರಶ್ನೆ. ಡಿಪಾಸಿಟ್ ಎಷ್ಟು ದಿನಕ್ಕೆ ಬರುತ್ತದೆ? ಪರೀಕ್ಷೆ ದಿನ ಹುಷಾರಿಲ್ಲದೆ ಹೋದರೆ, ಅಥವಾ ಫಲಿತಾಂಶದ ಬಗ್ಗೆ ಅನುಮಾನ ಬಂದರೆ, ಊರಿಗೆ ಬಂದ ಮೇಲೆ ದಾರಿ ಇದೆಯೇ?

ಉತ್ತರ: ಪಿಜೆ_ಬಡಾವಣೆ

ಡಿಪಾಸಿಟ್‌ಗೆ ಕಾನೂನಿನಲ್ಲಿ ಇಷ್ಟೇ ದಿನ ಅಂತಿಲ್ಲ. ಆರು ತಿಂಗಳವರೆಗೂ ಇಟ್ಟುಕೊಳ್ಳುವುದುಂಟು. ಖಾಸಗಿ ಮನೆಗಳಲ್ಲಿ ನೀರು-ಹೀಟರ್ ಲೆಕ್ಕ ವರ್ಷದ ಕೊನೆಗೆ ಆಗುವುದರಿಂದ ಒಂದು ಪಾಲನ್ನು ಇನ್ನೂ ಮುಂದಕ್ಕೆ ಹಿಡಿಯುತ್ತಾರೆ. ನಿಮ್ಮ ಹಾಸ್ಟೆಲ್ ಬಾಡಿಗೆಯಲ್ಲಿ ಅವೆಲ್ಲ ಸೇರಿದ್ದರೆ ಆ ತಾಪತ್ರಯ ಇಲ್ಲ. ಜರ್ಮನ್ ಖಾತೆ ಇಡಲು ಆಗದೇ ಹೋದರೆ ಮಾತ್ರ ಊರಿನ ಖಾತೆ ಕೊಡಿ. ಆಗ ಖಾತೆ ಸಂಖ್ಯೆಯ ಜೊತೆ ಸ್ವಿಫ್ಟ್ ಕೋಡ್ (ಹೊರದೇಶದ ಹಣಕ್ಕೆ ಬ್ಯಾಂಕನ್ನು ಗುರುತಿಸುವ ಕೋಡ್) ಬೇಕು. ಐಎಫ್‌ಎಸ್‌ಸಿ ಕೊಟ್ಟರೆ ಹೊರದೇಶದ ಹಣ ಬರುವುದಿಲ್ಲ. ಎಲ್ಲ ಬ್ರಾಂಚ್‌ಗೂ ಸ್ವಿಫ್ಟ್ ಕೋಡ್ ಇರುವುದಿಲ್ಲ. ದಾವಣಗೆರೆಯ ನಿಮ್ಮ ಬ್ರಾಂಚ್‌ಗೆ ಹೊರದೇಶದ ಹಣ ಯಾವ ಶಾಖೆಯ ಕೋಡ್ ಮೂಲಕ ಬರುತ್ತದೆ ಅಂತ ಅಪ್ಪನಿಂದ ವಿಚಾರಿಸಿ ಇಟ್ಟುಕೊಳ್ಳಿ.

ಉತ್ತರ: ಜೋಗಿಮಟ್ಟಿ

ಪರೀಕ್ಷೆಗೆ ಹೆಸರು ಹಾಕಿ, ತೆಗೆಸದೆ, ಹೋಗದೆ ಇದ್ದರೆ 5.0 ಬೀಳುತ್ತದೆ. ಹೆಸರು ತೆಗೆಸುವ ಕೊನೆಯ ದಿನ ಪೋರ್ಟಲ್‌ನಲ್ಲಿದೆ, ಇವತ್ತೇ ನೋಡಿಟ್ಟುಕೋ. ಜ್ವರ ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ ಪ್ರಮಾಣಪತ್ರ ತಗೊಂಡು ಪರೀಕ್ಷಾ ಕಚೇರಿಗೆ ತಡಮಾಡದೆ ಮುಟ್ಟಿಸು. ಮರುದಿನ ಹೋಗಿ ನಿನ್ನೆಯ ಜ್ವರಕ್ಕೆ ಪತ್ರ ಕೇಳಿದರೆ ಕೊಡುವುದು ಕಷ್ಟ. ಮರುಪರೀಕ್ಷೆ ಸೆಪ್ಟೆಂಬರ್, ಅಕ್ಟೋಬರ್‌ಗೆ ಬಂದರೆ ನಿನಗೆ ಕೂರಲು ಆಗುವುದಿಲ್ಲ, ಹಾಗಾಗಿ ಸಾಧ್ಯವಾದರೆ ಓರಲ್ ಆಗಿ ಅಥವಾ ಆನ್‌ಲೈನ್‌ನಲ್ಲಿ ತಗೊಳ್ಳುತ್ತೀರಾ ಅಂತ ಪ್ರೊಫೆಸರಿಗೆ ಈಗಲೇ ಒಂದು ಮಾತು ಕೇಳಿಡು. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.

ತಿದ್ದಿದ ಉತ್ತರ ಪತ್ರಿಕೆ ನೋಡಲು ಅಲ್ಲಿ ಒಂದು ದಿನ ಗೊತ್ತುಮಾಡುತ್ತಾರೆ. ನೀನು ಇರುವುದಿಲ್ಲವಾದ್ದರಿಂದ ಅಲ್ಲೇ ಇರುವ ಗೆಳತಿಗೆ ಸಹಿ ಮಾಡಿದ ಅಧಿಕಾರ ಪತ್ರ ಕೊಟ್ಟು ಬಾ. ಅದರಲ್ಲಿ ವಿಷಯದ ಹೆಸರು, ಪರೀಕ್ಷೆ ದಿನಾಂಕ, ನಿನ್ನ ಮೆಟ್ರಿಕ್ಯುಲೇಷನ್ ನಂಬರ್ (ಅಲ್ಲಿನ ವಿದ್ಯಾರ್ಥಿ ಸಂಖ್ಯೆ), ಅವಳ ಹೆಸರು ಇರಲಿ. ಬೇರೆಯವರು ನೋಡಲು ಬಿಡುತ್ತಾರೋ ಇಲ್ಲವೋ ಅಂತ ಆ ವಿಭಾಗದಲ್ಲಿ ಮೊದಲೇ ಖಚಿತ ಮಾಡಿಕೋ. ಓರಲ್‌ನಲ್ಲಿ ಈ ಚಿಂತೆ ಇಲ್ಲ, 20-30 ನಿಮಿಷ ಕೇಳಿ ಸಾಮಾನ್ಯವಾಗಿ ಆಗಲೇ ಗ್ರೇಡ್ ಹೇಳುತ್ತಾರೆ. ಅದು ಪೋರ್ಟಲ್‌ಗೆ ಏರಿದೆಯೇ ಅಂತ ಆಗಸ್ಟ್ ಮೊದಲ ವಾರ ನೋಡು, ಇಲ್ಲದಿದ್ದರೆ ಹೊರಡುವ ಮುಂಚೆ ನೆನಪಿಸು.

ಊರಿನಿಂದ ಫೋನ್ ಮಾಡಬೇಕಾದರೆ ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ. ಕಚೇರಿಗಳು ಫೋನ್ ಎತ್ತುವುದು ಹೆಚ್ಚಾಗಿ ಬೆಳಗಿನ ಹೊತ್ತು, ಅಂದರೆ ದಾವಣಗೆರೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಅಂತರ ನಾಲ್ಕೂವರೆ ಗಂಟೆ ಆಗುತ್ತದೆ.

ಉತ್ತರ: ಸಂತೆಹೊಂಡ

ಸಾಮಾನಿನ ಬಗ್ಗೆ ಒಂದು ಮಾತು ಬಿಟ್ಟಿತ್ತು. ಸಹಿ-ಮೊಹರು ಇರುವ ಮೂಲ ಕಾಗದಗಳು, ಲ್ಯಾಪ್‌ಟಾಪು, ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು. ಪವರ್ ಬ್ಯಾಂಕನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕಲು ಬಿಡುವುದಿಲ್ಲ. ಖಾಲಿ ಬಾಟಲಿಗಳನ್ನು ಕೊನೆ ವಾರದ ತನಕ ಗುಡ್ಡೆ ಹಾಕಬೇಡಿ. ಅಂಗಡಿಯ ಯಂತ್ರಕ್ಕೆ ಹಾಕಿದರೆ ಪ್ಲಾಸ್ಟಿಕ್ ಒಂದು-ಬಳಕೆಯದ್ದಕ್ಕೆ 25 ಸೆಂಟ್ ವಾಪಸ್ ಬರುತ್ತದೆ, ಆದರೆ ನಜ್ಜುಗುಜ್ಜಾಗಿ ಬಾರ್‌ಕೋಡ್ ಓದದಿದ್ದರೆ ಯಂತ್ರ ತಗೊಳ್ಳುವುದಿಲ್ಲ.