41ಕ್ಕೆ ಚೆಸ್ ಟೂರ್ನಮೆಂಟ್: ಮುಂದುವರಿಸಲಾ, ಬಿಡಲಾ?

ಸುಂಟಿಕೊಪ್ಪದವ: ವಯಸ್ಸು 41. ಮೂರು ಮಳೆಗಾಲ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಚೆಸ್ ಆಡಿದ್ದೇನೆ. ಈ ಸಲ ಕಾಫಿ ಕುಯ್ಲು ಮುಗಿದ ಮೇಲೆ ಧೈರ್ಯ ಮಾಡಿ ಮೈಸೂರಿನಲ್ಲಿ ಒಂದು ರೇಟಿಂಗ್ (ಆಟಗಾರನ ಮಟ್ಟ ತೋರಿಸುವ ಅಂಕ) ಟೂರ್ನಮೆಂಟಿಗೆ ಹೋದೆ. ಮೊದಲ ರೌಂಡಿನಲ್ಲಿ ಎದುರಿಗೆ ಹತ್ತು ವರ್ಷದ ಹುಡುಗ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹನ್ನೊಂದನೇ ನಡೆಗೆ ಕಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜನನ್ನೂ ಆನೆಯನ್ನೂ ಸರಿಸಿ ರಾಜನನ್ನು ಭದ್ರ ಮಾಡುವುದು) ಮಾಡೋಣ ಅಂತ ಆನೆಯನ್ನು ರಾಜನ ಪಕ್ಕ ಇಟ್ಟೆ, ಆಮೇಲೆ ರಾಜನಿಗೆ ಕೈ ಹಾಕಿದೆ. ಹುಡುಗ ಗಡಿಯಾರ ನಿಲ್ಲಿಸಿ ಕೈ ಎತ್ತಿದ. ಅರ್ಬಿಟರ್ (ತೀರ್ಪುಗಾರರು) ಬಂದು, ಮೊದಲು ಮುಟ್ಟಿದ್ದು ಆನೆ, ಅದೇ ನಿಮ್ಮ ನಡೆ ಅಂದರು. ನನ್ನ ರಾಜ ಬಯಲಲ್ಲೇ ಉಳಿದ. ಇಪ್ಪತ್ತಾರನೇ ನಡೆಗೆ ಸೋಲೊಪ್ಪಿ ಕೈ ಕುಲುಕಿದೆ. ಆರು ರೌಂಡಿಗೆ ಒಂದೂವರೆ ಪಾಯಿಂಟ್. ಮುಂದುವರಿಸಲಾ?

ಪೊನ್ನಂಪೇಟೆ ಫುಲ್‌ಬ್ಯಾಕ್: ಬಿಡಿ ಅಣ್ಣ. ಆ ಹುಡುಗನಿಗೆ ಕೋಚ್ ಇದ್ದಾರೆ, ದಿನಕ್ಕೆ ನಾಲ್ಕು ಗಂಟೆ ಇದೆ. ನಿಮಗೆ ತೋಟ ಇದೆ, ಕೆಲಸದವರ ಲೈನಿನ ತಾಪತ್ರಯ ಇದೆ. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಟೂರ್ನಮೆಂಟ್ ಶುರುವಾದರೆ ನಮ್ಮಲ್ಲಿ ಅರವತ್ತರವರೂ ಸ್ಟಿಕ್ ಹಿಡಿಯುತ್ತಾರೆ. ಅಲ್ಲಿಗೆ ಬನ್ನಿ.

ಮಡಿಕೇರಿ ಮಳೆ: ಅರವತ್ತರವರು ಹಾಕಿ ಆಡಬಹುದು, ನಲವತ್ತೊಂದರವರು ಚೆಸ್ ಆಡಬಾರದಾ? 😄 ಮೈಸೂರಿನ ತೇಜ್‌ಕುಮಾರ್ ರೈಲ್ವೆ ಕೆಲಸ ಮಾಡಿಕೊಂಡೇ 2017ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು, ಕರ್ನಾಟಕದ ಮೊದಲನೆಯವರು. ಆಗ ಅವರಿಗೆ 36.

ಪೊನ್ನಂಪೇಟೆ ಫುಲ್‌ಬ್ಯಾಕ್: ಅವರು 36ಕ್ಕೆ ಶುರು ಮಾಡಿದವರಲ್ಲ ಅಕ್ಕ. ಅದಕ್ಕೂ ಇದಕ್ಕೂ ಹೋಲಿಕೆ ಬೇಡ.

ಮಡಿಕೇರಿ ಮಳೆ: ಅದು ಸರಿ, ಒಪ್ಪಿದೆ.

ಗೋಣಿಕೊಪ್ಪ ಮೇಷ್ಟ್ರು: ಸುಂಟಿಕೊಪ್ಪದವರೇ, ನಿಮ್ಮ ತಪ್ಪು ಮೊಬೈಲ್ ಚೆಸ್ಸಿನ ತಪ್ಪು. ಅಲ್ಲಿ ಬೆರಳು ತಪ್ಪಿ ಆನೆಯನ್ನು ಒತ್ತಿದರೂ ಬಿಟ್ಟು ಬೇರೆ ಕಾಯಿ ಹಿಡಿಯಬಹುದು. ಬೋರ್ಡಿನಲ್ಲಿ ಮುಟ್ಟಿದರೆ ಮುಟ್ಟಿದಂತೆಯೇ. ಕಾಸ್ಲಿಂಗಿಗೆ ಮೊದಲು ಕೈ ಹೋಗಬೇಕಾದ್ದು ರಾಜನಿಗೆ. ಇದು ವಯಸ್ಸಿನ ಮಾತಲ್ಲ, ಅಭ್ಯಾಸದ ಮಾತು.

ಇನ್ನು ಹುಡುಗರ ರೇಟಿಂಗ್ ನೋಡಿ ಹೆದರಬೇಡಿ, ನಂಬಲೂ ಬೇಡಿ. ಹದಿನೆಂಟರ ಒಳಗಿನವರಿಗೆ ವಿಶ್ವ ಚೆಸ್ ಸಂಸ್ಥೆ ಫಿಡೆಯ ಲೆಕ್ಕದಲ್ಲಿ ಕೆ ಅಂಕ (ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯಬೇಕು ಅನ್ನುವ ಗುಣಕ) 40, 2300 ದಾಟುವವರೆಗೆ. ನಮ್ಮಂಥವರಿಗೆ ಮೊದಲ 30 ಆಟ ಮಾತ್ರ 40, ಆಮೇಲೆ 20. ಒಂದೇ ಗೆಲುವಿಗೆ ಅವರು ಎರಡರಷ್ಟು ಹತ್ತುತ್ತಾರೆ. ಆದರೂ ರೇಟಿಂಗ್ ಅವರ ಆಟಕ್ಕಿಂತ ಹಿಂದೆಯೇ ಇರುತ್ತದೆ. 1450 ಅಂತ ಬರೆದಿರುವ ಮಗು ನಿಜವಾಗಿ 1700 ಆಡುತ್ತಿರಬಹುದು.

ಸುಂಟಿಕೊಪ್ಪದವ: ಸರ್, ನನಗೆ ರೇಟಿಂಗ್ ಬಂದೀತಾ?

ಗೋಣಿಕೊಪ್ಪ ಮೇಷ್ಟ್ರು: ರೇಟಿಂಗ್ ಇರುವವರ ಜೊತೆ ಕನಿಷ್ಠ ಐದು ಆಟ ಆಗಬೇಕು, ಲೆಕ್ಕ 1400 ಮುಟ್ಟಬೇಕು. 2024ರ ಮಾರ್ಚಿಗೆ ಮೊದಲು 1000 ಸಾಕಿತ್ತು.

ಕುಶಾಲನಗರ ಕುದುರೆ: ನಾನೂ 38ಕ್ಕೆ ಶುರು ಮಾಡಿದವ. ಮೊದಲ ವರ್ಷ ಪೂರ್ತಿ ಓಪನಿಂಗ್ (ಆಟದ ಆರಂಭದ ನಡೆಗಳು) ವಿಡಿಯೋ ನೋಡಿ ಹಾಳು ಮಾಡಿದೆ. ಹದಿನೈದು ನಡೆ ಬಾಯಿಪಾಠ, ಹದಿನಾರಕ್ಕೆ ಕುದುರೆ ಪುಕ್ಕಟೆ ಕೊಡುತ್ತಿದ್ದೆ. ಈಗ ದಿನಾ ಇಪ್ಪತ್ತು ನಿಮಿಷ ಪಜಲ್, ವಾರಕ್ಕೊಂದು ಎಂಡ್‌ಗೇಮ್ (ಕೆಲವೇ ಕಾಯಿ ಉಳಿದಾಗಿನ ಆಟ), ಅಷ್ಟೇ.

ಮಡಿಕೇರಿ ಮಳೆ: ಓಪನಿಂಗ್ ಬೇಡವೇ ಬೇಡ ಅನ್ನಬೇಡಿ. ಹತ್ತು ನಡೆಯೊಳಗೆ ಸೋತರೆ ಎಂಡ್‌ಗೇಮ್ ಎಲ್ಲಿಂದ ಬರಬೇಕು?

ಗೋಣಿಕೊಪ್ಪ ಮೇಷ್ಟ್ರು: ಎರಡು ಓಪನಿಂಗ್ ಸಾಕು, ಬಿಳಿಗೊಂದು, ಕಪ್ಪಿಗೊಂದು. ಆದರೆ ರಾಜ ಮತ್ತು ಒಂದೇ ಪೇದೆಯ ಆಟ ಗೊತ್ತಿರಲೇಬೇಕು. ನಿಮ್ಮ ರಾಜ ಆರನೇ ಸಾಲಿನಲ್ಲಿ, ಪೇದೆ ಅವನ ನೇರ ಹಿಂದೆ ಐದನೆಯದರಲ್ಲಿ ಇದ್ದರೆ ನಡೆ ಯಾರದ್ದಾದರೂ ಗೆಲುವು ನಿಮ್ಮದೇ. ಅಂಚಿನ ಪೇದೆಯಾದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಪೇದೆಯನ್ನು ಮುಂದೆ ಓಡಿಸಿ ರಾಜನನ್ನು ಹಿಂದೆ ಬಿಟ್ಟು ಎಷ್ಟು ಜನ ಡ್ರಾ ಮಾಡಿಕೊಳ್ಳುತ್ತಾರೆ!

ಸುಂಟಿಕೊಪ್ಪದವ: ನಾಲ್ಕನೇ ರೌಂಡಿನಲ್ಲಿ ಅದೇ ಮಾಡಿದ್ದೆ. ನನ್ನ ಅರ್ಧ ಪಾಯಿಂಟ್ ಅದೇ.

ಪೊನ್ನಂಪೇಟೆ ಫುಲ್‌ಬ್ಯಾಕ್: ಖರ್ಚಿನ ಮಾತು ಯಾರೂ ಆಡಲಿಲ್ಲ. ಇಲ್ಲಿಂದ ರೈಲಿಲ್ಲ. ಬೆಳಗಿನ ರೌಂಡಿಗೆ ಹಿಂದಿನ ದಿನವೇ ಹೋಗಿ ರೂಮು ಮಾಡಬೇಕು. ಎಂಟ್ರಿ ಫೀಸ್ ಬೇರೆ. ಸುಮ್ನೆ ಸೋಲೋದಕ್ಕೆ ಇಷ್ಟು ದುಡ್ಡಾ?

ಕುಶಾಲನಗರ ಕುದುರೆ: ಅದು ನಿಜವಾದ ತೊಂದರೆ. ಅದಕ್ಕೇ ನಾನು ವರ್ಷಕ್ಕೆ ಎರಡೇ ಟೂರ್ನಮೆಂಟ್ ಆಡುವುದು, ಕುಯ್ಲು ಮುಗಿದ ಮೇಲೊಂದು, ದಸರಾ ರಜೆಯಲ್ಲೊಂದು. ಉಳಿದ ಭಾನುವಾರ ಇಲ್ಲೇ ಮೂವರು ಸೇರುತ್ತೇವೆ. ಮರದ ಬೋರ್ಡು, ಗಡಿಯಾರ, ನಡೆ ಬರೆಯುವ ಪುಸ್ತಕ ಎಲ್ಲಾ ಇದೆ. ಮುಟ್ಟಿದ ಕಾಯಿ ನಡೆಸಲೇಬೇಕು. ಸುಂಟಿಕೊಪ್ಪದವರೇ, ನಿಮಗೆ ಅರ್ಧ ಗಂಟೆ ದಾರಿ. ನಾಲ್ಕನೆಯವರು ಇಲ್ಲದೆ ಪ್ರತಿ ವಾರ ಒಬ್ಬರು ಸುಮ್ಮನೆ ಕೂರುತ್ತಿದ್ದಾರೆ.

ಸುಂಟಿಕೊಪ್ಪದವ: ಈ ಭಾನುವಾರ ಮೆಣಸು ಒಣಗಿಸುವುದಿದೆ. ಮುಂದಿನ ವಾರ ಬರುತ್ತೇನೆ. ಎಷ್ಟು ಗಂಟೆಗೆ?

ಪೊನ್ನಂಪೇಟೆ ಫುಲ್‌ಬ್ಯಾಕ್: ಹೋಗಿ ಹೋಗಿ. ಹಾಕಿ ಫೈನಲ್ ದಿನ ಮಾತ್ರ ಬೋರ್ಡು ಮಡಚಿಟ್ಟು ಬನ್ನಿ.