ಬಕ್ ಕನ್ವರ್ಟರ್ ನಾಯ್ಸ್ ಇಳಿಸಲು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: 12 ವೋಲ್ಟ್‌ನಿಂದ 5 ವೋಲ್ಟ್‌ಗೆ ಇಳಿಸುವ ಬಕ್ ಕನ್ವರ್ಟರ್, ಸ್ವಿಚಿಂಗ್ ಆವರ್ತನ 500 ಕಿಲೋಹರ್ಟ್ಸ್, ಎರಡು ಲೇಯರ್ ಬೋರ್ಡ್. 1 ಮೀಟರ್ ಇನ್‌ಪುಟ್ ಕೇಬಲ್ ಜೋಡಿಸಿದರೆ ಪಕ್ಕದ ಎಫ್‌ಎಂ ರೇಡಿಯೊ ಕರಕರ ಎನ್ನುತ್ತದೆ. ಪ್ಲಸ್ ವೈರ್‌ಗೆ ಫೆರೈಟ್ ಬೀಡ್ (ಹೆಚ್ಚಿನ ಆವರ್ತನದ ನಾಯ್ಸ್ ತಡೆಯುವ ಸಣ್ಣ ಬಿಡಿಭಾಗ) ಹಾಕಿದರೂ ಅಷ್ಟೇ. ಏನು ಬದಲಿಸಲಿ?

ಉತ್ತರ 1: ಬೀಡ್ ವಿಚಾರ ಆಮೇಲೆ. ಇನ್‌ಪುಟ್ ಕೆಪಾಸಿಟರ್ ಎಲ್ಲಿ ಕೂತಿದೆ ನೋಡಿ. ಕೆಪಾಸಿಟರ್, ಸ್ವಿಚ್‌ಗಳಾಗಿ ಕೆಲಸ ಮಾಡುವ ಎರಡು ಮಾಸ್‌ಫೆಟ್, ಮರಳಿ ಕೆಪಾಸಿಟರ್: ಈ ಸುತ್ತಿನಲ್ಲಿ ಕರೆಂಟ್ ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಏರಿಳಿಯುತ್ತದೆ. ಗದ್ದಲ ಹುಟ್ಟುವುದೇ ಅಲ್ಲಿ. 100 ನ್ಯಾನೊಫ್ಯಾರಡ್ ಸೆರಾಮಿಕ್ ಅನ್ನು ಐಸಿಯ ಇನ್‌ಪುಟ್ ಮತ್ತು ಗ್ರೌಂಡ್ ಪಿನ್‌ಗಳಿಗೆ ಅಂಟಿದಂತೆ, ಐಸಿ ಇರುವ ಬದಿಯಲ್ಲೇ, ನಡುವೆ ವಯಾ (ಲೇಯರ್‌ಗಳನ್ನು ಜೋಡಿಸುವ ರಂಧ್ರ) ಇಲ್ಲದೆ ಇಡಿ. ಅದರ ಹಿಂದೆ 10 ಮೈಕ್ರೊಫ್ಯಾರಡ್, 25 ವೋಲ್ಟ್‌ನ ಎಕ್ಸ್7ಆರ್ ದರ್ಜೆಯ ಸೆರಾಮಿಕ್. ಕೆಳಗಿನ ಲೇಯರ್ ಪೂರ್ತಿ ಗ್ರೌಂಡ್ ಇರಲಿ. ಈ ಸುತ್ತಿನ ಅಡಿಯಲ್ಲಿ ಒಂದೇ ಒಂದು ಟ್ರೇಸ್ ಅಡ್ಡ ಹಾಯ್ದರೂ ರಿಟರ್ನ್ ಕರೆಂಟ್ ಅದನ್ನು ಸುತ್ತುಬಳಸಿ ಬರಬೇಕಾಗುತ್ತದೆ.

ಉತ್ತರ 2: ಲೇಔಟ್ ಸರಿಯಾದ ಮೇಲೂ ಸ್ವಿಚ್ ನೋಡ್ (ಎರಡು ಮಾಸ್‌ಫೆಟ್ ಸೇರುವ ಬಿಂದು) ರಿಂಗ್ ಆದರೆ, ಅಂದರೆ ಪ್ರತಿ ಸ್ವಿಚಿಂಗ್ ನಂತರ ವೋಲ್ಟೇಜ್ ಕಂಪಿಸುತ್ತಿದ್ದರೆ, ಅದನ್ನು ತಣಿಸುವ ಸ್ನಬ್ಬರ್ (ಸರಣಿಯಲ್ಲಿರುವ ರೆಸಿಸ್ಟರ್ ಮತ್ತು ಕೆಪಾಸಿಟರ್) ಹಾಕಿ. ರಿಂಗಿಂಗ್ 100 ಮೆಗಾಹರ್ಟ್ಸ್ ಎಂದುಕೊಳ್ಳಿ. ಸ್ವಿಚ್ ನೋಡ್‌ನಿಂದ ಗ್ರೌಂಡ್‌ಗೆ ಸಣ್ಣ ಕೆಪಾಸಿಟರ್ ಸೇರಿಸುತ್ತಾ ಹೋಗಿ, ಆವರ್ತನ ಅರ್ಧಕ್ಕೆ ಇಳಿಯಬೇಕು. ಅದು 330 ಪಿಕೊಫ್ಯಾರಡ್‌ಗೆ ಆಯಿತೆಂದರೆ ಪ್ಯಾರಸಿಟಿಕ್ ಕೆಪಾಸಿಟೆನ್ಸ್ (ಅಲ್ಲಿ ತಾನಾಗಿಯೇ ಇರುವುದು) ಅದರ ಮೂರನೇ ಒಂದು ಭಾಗ, ಅಂದರೆ 110 ಪಿಕೊಫ್ಯಾರಡ್. ಈ 110 ಪಿಕೊ ಮತ್ತು 100 ಮೆಗಾಹರ್ಟ್ಸ್‌ನಿಂದ ಸಿಗುವ ಪ್ಯಾರಸಿಟಿಕ್ ಇಂಡಕ್ಟೆನ್ಸ್ ಸುಮಾರು 23 ನ್ಯಾನೊಹೆನ್ರಿ. ಅದನ್ನು 110 ಪಿಕೊದಿಂದ ಭಾಗಿಸಿ ವರ್ಗಮೂಲ ತೆಗೆದರೆ 14.5 ಓಮ್. 15 ಓಮ್ ಮತ್ತು 330 ಪಿಕೊ ಸರಣಿಯಲ್ಲಿ ಹಾಕಿ. ವ್ಯಯವಾಗುವ ಪವರ್ ಸುಮಾರು 24 ಮಿಲಿವ್ಯಾಟ್, ಸಣ್ಣ ರೆಸಿಸ್ಟರ್ ಸಾಕು. ದಯವಿಟ್ಟು ಲೇಔಟ್‌ಗಿಂತ ಮೊದಲೇ ಇದನ್ನು ಲೆಕ್ಕ ಹಾಕಬೇಡಿ: ಸುತ್ತು ಚಿಕ್ಕದಾದರೆ ರಿಂಗಿಂಗ್ ಆವರ್ತನ ಏರುತ್ತದೆ, ಹಳೆಯ ಲೆಕ್ಕದ ಮೌಲ್ಯಗಳು ಹೊಂದುವುದಿಲ್ಲ.

ಉತ್ತರ 3: ಈ ರಿಂಗಿಂಗ್ ಅನ್ನು ಆಸಿಲೋಸ್ಕೋಪ್‌ನಲ್ಲಿ ಅಳೆಯುವಾಗ ಪ್ರೋಬ್‌ನ ಉದ್ದ ಗ್ರೌಂಡ್ ಕ್ಲಿಪ್ ಬಿಚ್ಚಿ, ಸ್ಪ್ರಿಂಗ್ ಟಿಪ್ ಹಾಕಿ. ಇಲ್ಲದಿದ್ದರೆ ಕಾಣುವುದು ಕ್ಲಿಪ್‌ನದೇ ರಿಂಗಿಂಗ್.

ಉತ್ತರ 4: ಬೀಡ್ ಕೆಲಸ ಮಾಡದಿರಲು ಕಾರಣ ಕೇಬಲ್‌ನಲ್ಲಿದೆ. ಎರಡೂ ವೈರ್‌ಗಳಲ್ಲಿ ಒಂದೇ ದಿಕ್ಕಿಗೆ ಹರಿಯುವ ಕಾಮನ್ ಮೋಡ್ ಕರೆಂಟ್‌ಗೆ 1 ಮೀಟರ್ ಕೇಬಲ್ ಆಂಟೆನಾ ಆಗುತ್ತದೆ; 75 ಮೆಗಾಹರ್ಟ್ಸ್‌ಗೆ ಅದು ಕಾಲು ತರಂಗದಷ್ಟು ಉದ್ದ. ಕೆಲವೇ ಮೈಕ್ರೊಆಂಪಿಯರ್ ಸಾಕು. ಒಂದೇ ವೈರ್‌ನ ಬೀಡ್ ಇನ್ನೊಂದು ವೈರ್‌ನ ದಾರಿಯನ್ನು ಮುಚ್ಚುವುದಿಲ್ಲ, ಡಿಸಿ ಕರೆಂಟ್ ಏರಿದಂತೆ ಅದರ ಇಂಪೀಡೆನ್ಸೂ ಕುಸಿಯುತ್ತದೆ. ಎರಡೂ ವೈರ್‌ಗಳನ್ನು ಒಂದೇ ಫೆರೈಟ್ ಕೋರ್‌ನೊಳಗೆ, ಕನೆಕ್ಟರ್‌ಗೆ ಒತ್ತಿಕೊಂಡಂತೆ ಹಾಯಿಸಿ. ಎರಡು ಸುತ್ತು ಹಾಕಿದರೆ ತಡೆ ಹೆಚ್ಚು. ಇನ್ನೂ ಸುತ್ತುತ್ತಾ ಹೋದರೆ ಸುತ್ತುಗಳ ನಡುವಿನ ಕೆಪಾಸಿಟೆನ್ಸ್ ಮೂಲಕ ಎಫ್‌ಎಂ ಬ್ಯಾಂಡ್‌ನ ನಾಯ್ಸ್ ದಾಟಿಬಿಡುತ್ತದೆ.