ಪುಶ್ ಆಗುತ್ತದೆ, ಪುಟ ಮಾತ್ರ ಬದಲಾಗುವುದಿಲ್ಲ: ಗಿಟ್‌ನಲ್ಲಿ ಕಟ್ಟಿದ ಒಂದು ಸಾಲಿನ ಸುದ್ದಿಪುಟ

ಭಟ್ಟಿಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವನದು ಇಲ್ಲಿ ಮಂಡಕ್ಕಿ ಭಟ್ಟಿ. ಬೆಳಗಿನ ಜಾವ ಒಲೆ ಹೊತ್ತಿಕೊಂಡ ಗಳಿಗೆಯಿಂದ ಮಾವನ ಫೋನ್ ಕೂಡ ಹೊತ್ತಿ ಉರಿಯುತ್ತದೆ. ಇವತ್ತು ಸರಕು ಇದೆಯೇ, ಎಷ್ಟು ಗಂಟೆಗೆ ಮೂಟೆ ಕಟ್ಟುತ್ತೀರಿ, ನಾಳೆ ಭಟ್ಟಿ ಇದೆಯೋ ರಜೆಯೋ. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿರುವಾಗ ಅರೆನಿಮಿಷ ಕೈ ನಿಂತರೂ ಒಂದು ಬಾಣಲೆ ಸರಕು ಸೀದುಹೋಗುತ್ತದೆ. ಅದಕ್ಕೇ ದಿನಕ್ಕೆ ಒಂದೆರಡು ಸಾಲು ಸುದ್ದಿ ಹಾಕುವ ಚಿಕ್ಕ ಪುಟವೊಂದನ್ನು ನಾನೇ ಕಟ್ಟಲು ಹೊರಟಿದ್ದೇನೆ. ಸದ್ಯಕ್ಕೆ ಅದು ಮನೆಯ ವೈಫೈನಲ್ಲಿ ಮಾತ್ರ ಕಾಣುತ್ತದೆ. ಅಂಗಡಿಯವರಿಗೆ ತಲುಪಿಸುವುದು ಆಮೇಲಿನ ಮಾತು.

ವ್ಯವಸ್ಥೆ ಇಷ್ಟೇ. ಹಳೆಯದೊಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲಿ ಪುಟ ಬಡಿಸುವ ಎಂಜಿನ್‌ಎಕ್ಸ್, ಜೊತೆಗೆ ಬದಲಾವಣೆಗಳ ಚರಿತ್ರೆ ಇಡುವ ಗಿಟ್‌ನ ಒಂದು ಬೇರ್ ರೆಪೊ (ಕೆಲಸದ ಫೈಲುಗಳಿಲ್ಲದೆ ಚರಿತ್ರೆ ಮಾತ್ರ ಇರುವ ಫೋಲ್ಡರ್). ಡೇಟಾಬೇಸ್ ಇಲ್ಲ, ಲಾಗಿನ್ ಪುಟ ಇಲ್ಲ. ಕಮಿಟ್ ಎಂದರೆ ಆ ಚರಿತ್ರೆಯ ಒಂದು ದಾಖಲೆ; ಅದರ ಜೊತೆ ಬರೆಯುವ ಸಂದೇಶವೇ ಆ ದಿನದ ಸುದ್ದಿ. ಫೈಲ್ ಯಾವುದನ್ನೂ ಬದಲಿಸುವುದಿಲ್ಲವಾದ್ದರಿಂದ 'ಅಲೌ-ಎಂಪ್ಟಿ' ಆಯ್ಕೆ ಕೊಟ್ಟು ಖಾಲಿ ಕಮಿಟ್ ಮಾಡುತ್ತೇನೆ. ಫೋನಿನಲ್ಲಿ ಆಜ್ಞೆ ಬರೆಯುವ ಆ್ಯಪ್ ಟರ್ಮಕ್ಸ್‌ನಿಂದ ಪುಶ್ ಮಾಡಿದರೆ (ಕಮಿಟ್ ಅನ್ನು ಪೈಗೆ ಕಳಿಸಿದರೆ) ಪೈನಲ್ಲಿರುವ 'ಪೋಸ್ಟ್-ರಿಸೀವ್' ಹುಕ್, ಅಂದರೆ ಪುಶ್ ಬಂದಾಗ ತಾನಾಗಿ ಓಡುವ ಸ್ಕ್ರಿಪ್ಟ್, ಎದ್ದು, ಪೈನಲ್ಲೇ ಇರುವ ರೆಪೊದ ಇನ್ನೊಂದು ಪ್ರತಿಗೆ (ಕ್ಲೋನ್) ಹೋಗಿ ಪುಲ್ ಮಾಡಿ (ಹೊಸದನ್ನು ಎಳೆದುಕೊಂಡು), ಕಮಿಟ್‌ಗಳ ಪಟ್ಟಿಯಾದ ಲಾಗ್ ಓದಿ ಪುಟ ಬರೆಯಬೇಕು.

ಪುಶ್ ಸಲೀಸಾಗಿ ಆಗುತ್ತದೆ. ಪುಟದಲ್ಲಿ ಮಾತ್ರ ಮೊನ್ನೆಯ ಸುದ್ದಿಯೇ ಕುಳಿತಿದೆ. ವಿಚಿತ್ರವೆಂದರೆ, ಪೈ ಒಳಗೆ ಹೋಗಿ ಅದೇ ಹುಕ್ ಅನ್ನು ಕೈಯಿಂದ ಓಡಿಸಿದರೆ ಪುಟ ತಕ್ಷಣ ಬದಲಾಗುತ್ತದೆ. ಎರಡು ರಾತ್ರಿ ಹೋಯಿತು.

(ಫೋನಿನಿಂದ ಬರೆಯುತ್ತಿರುವುದರಿಂದ ಆಜ್ಞೆಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ನೀವೂ ಹಾಗೇ ಬರೆಯಿರಿ, ಅರ್ಥವಾಗುತ್ತದೆ.)

ಏಳುಸುತ್ತು, ಚಿತ್ರದುರ್ಗ

ಮೊದಲು ಮಾಮೂಲಿ ಅನುಮಾನಗಳು. ಹುಕ್ ಫೈಲಿಗೆ ಓಡುವ ಅನುಮತಿ ಇದೆಯೇ? 'ಎಸ್‌ಎಚ್' ಎಂಬ ಶೆಲ್ (ಆಜ್ಞೆ ಓಡಿಸುವ ಪ್ರೋಗ್ರಾಂ) ಹೆಸರನ್ನು ಮುಂದಿಟ್ಟು ಓಡಿಸಿದರೆ ಅನುಮತಿ ಇಲ್ಲದ ಫೈಲ್ ಕೂಡ ಓಡುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಎರಡನೆಯದು, ಹುಕ್ ಅನ್ನು ವಿಂಡೋಸ್‌ನಲ್ಲಿ ಬರೆದು ತಂದಿರಾ? ಹಾಗಿದ್ದರೆ ಮೊದಲ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡಿರುತ್ತದೆ. ಎದುರಿಗೇ ಇರುವ ಫೈಲನ್ನು ಗಿಟ್ ಆಗ ಇಲ್ಲವೆನ್ನುತ್ತದೆ. ಮೂರನೆಯದು, ಪುಶ್ ಮಾಡಿದಾಗ ತೆರೆಯ ಮೇಲೆ ಏನು ಬಂತು? ಅದನ್ನು ಪೂರ್ತಿ ಹಾಕಿ.

ಭಟ್ಟಿಹುಡುಗ, ದಾವಣಗೆರೆ

ಅನುಮತಿ ಇದೆ ಸರ್, ಈಗಷ್ಟೇ ನೋಡಿದೆ. ಪೈನಲ್ಲೇ ನ್ಯಾನೋ ಎಂಬ ಎಡಿಟರಿನಲ್ಲಿ ಬರೆದ ಹುಕ್, ವಿಂಡೋಸ್ ಅದನ್ನು ಮುಟ್ಟಿಲ್ಲ. ತೆರೆಯ ಮೇಲೆ ಏನೂ ಬರುವುದಿಲ್ಲ. ಕಮಿಟ್ ಮತ್ತು ಪುಶ್ ಎರಡನ್ನೂ ಸೇರಿಸಿ 'ಸುದ್ದಿ' ಎಂಬ ಅಡ್ಡಹೆಸರು ಮಾಡಿಕೊಂಡಿದ್ದೇನೆ. ಅದರ ಕೊನೆಯಲ್ಲಿ ಗಲಾಟೆ ಬೇಡವೆಂದು ಔಟ್‌ಪುಟ್ ಎಲ್ಲವನ್ನೂ 'ನಲ್'ಗೆ (ಬಂದದ್ದನ್ನೆಲ್ಲ ನುಂಗಿಬಿಡುವ ಫೈಲ್) ತಳ್ಳಿದ್ದೇನೆ.

ಗಾಣದಮನೆ, ಚಳ್ಳಕೆರೆ

ಬಾಯಿಗೆ ಬಟ್ಟೆ ತುರುಕಿ, ಏಕೆ ಮಾತಾಡುವುದಿಲ್ಲ ಎಂದು ಕೇಳಿದ ಹಾಗಾಯಿತು ತಮ್ಮಾ. ಹುಕ್ ಏನೇ ಗೊಣಗಿದರೂ ಅದು 'ರಿಮೋಟ್' ಎಂಬ ಮೊದಲ ಪದದೊಂದಿಗೆ ನಿನ್ನ ಫೋನಿಗೇ ಬರುತ್ತದೆ. ಆ 'ನಲ್' ತೆಗೆದು ಒಮ್ಮೆ ಪುಶ್ ಮಾಡು. ಇನ್ನೊಂದು ಮಾತು: 'ಪೋಸ್ಟ್-ರಿಸೀವ್' ಸೋತರೂ ಪುಶ್ ಗೆದ್ದೇ ಇರುತ್ತದೆ. ಅದು ಎದ್ದೇಳುವ ಹೊತ್ತಿಗೆ ಕಮಿಟ್ ರೆಪೊ ಸೇರಿಯಾಗಿರುತ್ತದೆ. ಪುಶ್ ಅನ್ನು ಬಾಗಿಲಲ್ಲೇ ತಡೆಯುವ ಅಧಿಕಾರ 'ಪ್ರೀ-ರಿಸೀವ್'ನದು. ಆದ್ದರಿಂದ ಪುಶ್ ಸಲೀಸಾಗಿ ಆಯಿತು ಎಂಬುದು ಹುಕ್ ಬಗ್ಗೆ ಏನನ್ನೂ ಹೇಳುವುದಿಲ್ಲ.

ಭಟ್ಟಿಹುಡುಗ, ದಾವಣಗೆರೆ

ಸಿಕ್ಕಿತು ಅಕ್ಕ. 'ರಿಮೋಟ್' ಎಂದು ಶುರುವಾಗಿ, 'ಇದು ಗಿಟ್ ರೆಪೊ ಅಲ್ಲ' ಎನ್ನುವ ಅರ್ಥದ ತಪ್ಪುಸಂದೇಶ ಬರುತ್ತಿದೆ. ರೆಪೊ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ ಇದೆ. ಆದರೆ ಹುಕ್‌ನ ಮೊದಲ ಸಾಲಿನಲ್ಲೇ ಕ್ಲೋನ್ ಫೋಲ್ಡರಿಗೆ ಹೋಗಿದ್ದೇನೆ. ಅದು ರೆಪೊ ಹೌದಲ್ಲ!

ಗಾಣದಮನೆ, ಚಳ್ಳಕೆರೆ

ಆ ಚುಕ್ಕೆಯೇ ಕಳ್ಳ. ಗಿಟ್ ಹುಕ್ ಅನ್ನು ಎಬ್ಬಿಸುವಾಗ ಬೇರ್ ರೆಪೊ ಒಳಗೆ ನಿಂತು, 'ಗಿಟ್-ಡಿರ್' ಎಂಬ ಪರಿಸರ ಚರಕ್ಕೆ (ರೆಪೊ ಎಲ್ಲಿದೆ ಎಂದು ಗಿಟ್‌ಗೆ ತಿಳಿಸುವ ಚೀಟಿ) ಚುಕ್ಕೆಯನ್ನು ತುಂಬಿ ಕಳಿಸುತ್ತದೆ. ಚುಕ್ಕೆ ಎಂದರೆ ನಾನು ಈಗ ನಿಂತಿರುವ ಫೋಲ್ಡರ್. ಅಲ್ಲೇ ನಿಂತಿರುವವರೆಗೆ ಅದು ನಿಜ. ನೀನು ಕ್ಲೋನ್ ಫೋಲ್ಡರಿಗೆ ಕಾಲಿಟ್ಟ ಕೂಡಲೇ ಚುಕ್ಕೆಯ ಅರ್ಥ ಬದಲಾಯಿತು, ಚರ ಮಾತ್ರ ಹಾಗೇ ಉಳಿಯಿತು. ಗಿಟ್ ಆ ಚರವನ್ನು ನಂಬಿ ಕ್ಲೋನ್ ಫೋಲ್ಡರನ್ನೇ ರೆಪೊ ಎಂದುಕೊಂಡು ಒಳಗೆ ಇಣುಕುತ್ತದೆ. ಅದರ ಒಳಗೆ ನಿಜವಾದ ರೆಪೊ ಇರುವ ಡಾಟ್-ಗಿಟ್ ಫೋಲ್ಡರನ್ನು ಹುಡುಕುವ ಗೋಜಿಗೇ ಹೋಗುವುದಿಲ್ಲ.

ಕೈಯಿಂದ ಓಡಿಸಿದಾಗ ಈ ಚರವೇ ಇರುವುದಿಲ್ಲ, ಅದಕ್ಕೇ ಎಲ್ಲ ಸರಿ. ಬೇಕಾದರೆ ಬೇರ್ ರೆಪೊ ಒಳಗೆ ನಿಂತು 'ಗಿಟ್-ಡಿರ್'ಗೆ ಚುಕ್ಕೆ ಕೊಟ್ಟು ಹುಕ್ ಓಡಿಸು (ಚರದ ಹೆಸರು ಪೂರ್ತಿ ದೊಡ್ಡಕ್ಷರ, ನಡುವೆ ಅಡಿಗೆರೆ). ಅದೇ ಬೈಗುಳ ಕೈಗೇ ಸಿಗುತ್ತದೆ. ಪರಿಹಾರ ಒಂದೇ ಸಾಲು: ಫೋಲ್ಡರ್ ಬದಲಿಸುವ ಮೊದಲು ಆ ಚರವನ್ನು 'ಅನ್‌ಸೆಟ್' ಮಾಡು.

ಏಳುಸುತ್ತು, ಚಿತ್ರದುರ್ಗ

ಅಕ್ಕ ಹೇಳಿದ್ದು ಸರಿ, ಆದರೆ ಆ ಎರಡನೇ ಕ್ಲೋನ್ ಏಕೆ ಬೇಕು ಎಂಬುದೇ ನನ್ನ ಪ್ರಶ್ನೆ. ನಿಮ್ಮ ಸುದ್ದಿ ಇರುವುದು ಕಮಿಟ್ ಸಂದೇಶದಲ್ಲಿ. ಫೈಲೇ ಇಲ್ಲದ ಮೇಲೆ ಚೆಕ್‌ಔಟ್ (ಫೈಲುಗಳನ್ನು ಹೊರತೆಗೆದಿಡುವುದು) ಏತಕ್ಕೆ? ಬೇರ್ ರೆಪೊ ಒಳಗೇ ನಿಂತು 'ಗಿಟ್ ಲಾಗ್' ಕೊಟ್ಟರೆ ಎಲ್ಲ ಸಂದೇಶಗಳೂ ಬರುತ್ತವೆ. ಫೋಲ್ಡರ್ ಬದಲಿಸುವುದಿಲ್ಲ, ಆದ್ದರಿಂದ ಚುಕ್ಕೆಯ ತಂಟೆಯೂ ಇಲ್ಲ. 'ಪ್ರೆಟ್ಟಿ' ಆಯ್ಕೆಯಲ್ಲಿ ದಿನಾಂಕ ಮತ್ತು ಸಂದೇಶದ ಮೊದಲ ಸಾಲನ್ನು ಕೇಳಿ, ಮೇಲೆ ಕೆಳಗೆ ಒಂದಿಷ್ಟು ಎಚ್‌ಟಿಎಂಎಲ್ ಸೇರಿಸಿದರೆ ಪುಟ ಮುಗಿಯಿತು. ಸಂದೇಶದಲ್ಲಿ 'ಆಂಪರ್ಸ್ಯಾಂಡ್' ಅಥವಾ ಕೋನಾವರಣ ಬಂದರೆ 'ಸೆಡ್' ಆಜ್ಞೆಯಿಂದ ಅವುಗಳ ಎಚ್‌ಟಿಎಂಎಲ್ ರೂಪಕ್ಕೆ ಬದಲಿಸಿ, ಆಂಪರ್ಸ್ಯಾಂಡನ್ನು ಎಲ್ಲಕ್ಕಿಂತ ಮೊದಲು.

ಪುಟವನ್ನು ನೇರವಾಗಿ ಬರೆಯಬೇಡಿ. ಔಟ್‌ಪುಟನ್ನು ಫೈಲಿಗೆ ಕಳಿಸುವ ಬಾಣದ ಗುರುತು ಹಾಕಿದ ಕ್ಷಣವೇ ಶೆಲ್ ಹಳೆಯ ಪುಟವನ್ನು ಖಾಲಿ ಮಾಡುತ್ತದೆ, ಆಮೇಲೆ ಲಾಗ್ ಎಡವಿದರೆ ಉಳಿಯುವುದು ಬಿಳಿ ಹಾಳೆ. ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನಿಂದ ಬರೆದು, ಲಾಗ್ ಗೆದ್ದರೆ ಮಾತ್ರ 'ಎಂವಿ' ಆಜ್ಞೆಯಿಂದ ಪುಟದ ನಿಜವಾದ ಹೆಸರಿಗೆ ಬದಲಿಸಿ.

ಭಟ್ಟಿಹುಡುಗ, ದಾವಣಗೆರೆ

ಕ್ಲೋನ್ ಕಿತ್ತು ಹಾಕಿದೆ. ಈಗ ಹೊಸ ತಕರಾರು: 'ಮಾಸ್ಟರ್' ಬ್ರಾಂಚಿನಲ್ಲಿ (ಕಮಿಟ್‌ಗಳ ಕವಲು) ಒಂದೂ ಕಮಿಟ್ ಇಲ್ಲವಂತೆ. ನಲವತ್ತು ಕಮಿಟ್ ಮಾಡಿದ್ದೇನೆ!

ಏಳುಸುತ್ತು, ಚಿತ್ರದುರ್ಗ

1997ರಲ್ಲಿ ನಮ್ಮಿಂದ ಬ್ರಾಂಚ್ ಒಡೆದು ಜಿಲ್ಲೆ ಮಾಡಿಕೊಂಡವರಿಗೆ ಬ್ರಾಂಚಿನ ವಿಷಯ ನಾನು ಹೇಳಬೇಕೇ! ನಿಮ್ಮ ಫೋನಿನಲ್ಲಿ ಬ್ರಾಂಚಿನ ಹೆಸರು 'ಮೇನ್' ಇರಬೇಕು. ಪೈನ ಬೇರ್ ರೆಪೊ ಹುಟ್ಟುವಾಗ ಯಾವ ಬ್ರಾಂಚ್ ಓದಬೇಕೆಂದು ತೋರುವ ಅದರ 'ಹೆಡ್' 'ಮಾಸ್ಟರ್' ಕಡೆ ಮುಖ ಮಾಡಿ ನಿಂತಿದೆ. ನಿಮ್ಮ ಕಮಿಟ್‌ಗಳೆಲ್ಲ 'ಮೇನ್'ನಲ್ಲಿ ಕ್ಷೇಮವಾಗಿವೆ. 'ಗಿಟ್ ಸಿಂಬಾಲಿಕ್-ರೆಫ್' ಕೊಟ್ಟು ಹೆಡ್ ಅನ್ನು 'ರೆಫ್ಸ್' ಓರೆಗೆರೆ 'ಹೆಡ್ಸ್' ಓರೆಗೆರೆ 'ಮೇನ್' ಕಡೆಗೆ ತಿರುಗಿಸಿ.

ಭಟ್ಟಿಹುಡುಗ, ದಾವಣಗೆರೆ

ಬಂತು! ಪುಶ್ ಮಾಡಿ ಎರಡು ಸೆಕೆಂಡಿಗೆ ಪುಟ ಬದಲಾಯಿತು. ನಡುವೆ ಒಮ್ಮೆ ಎಂಜಿನ್‌ಎಕ್ಸ್ 403 (ಅನುಮತಿ ಇಲ್ಲ) ಎಂದು ಮುಖ ತಿರುಗಿಸಿತು. ತಾತ್ಕಾಲಿಕ ಫೈಲಿಗೆ 'ಎಂಕೆಟೆಂಪ್' ಬಳಸಿದ್ದೆ, ಅದು ಮಾಡುವ ಫೈಲನ್ನು ಮಾಲೀಕನ ಹೊರತು ಬೇರೆ ಯಾರೂ ಓದುವ ಹಾಗಿಲ್ಲ. ಅನುಮತಿಯನ್ನು ಎಲ್ಲರೂ ಓದಬಹುದಾದ 644 ಮಾಡಿದ ಮೇಲೆ ಸರಿಹೋಯಿತು.

ಇನ್ನೊಂದು ಕಾಟ ಇದೆ. ಸುದ್ದಿ ಉದ್ದವಾದರೆ ಫೋನಿನಲ್ಲಿ ಎರಡು ಸಾಲಾಗುತ್ತದೆಂದು 'ಕಟ್' ಆಜ್ಞೆಯಿಂದ ಮೊದಲ 60 ಅಕ್ಷರ ಮಾತ್ರ ಇಟ್ಟುಕೊಳ್ಳುತ್ತೇನೆ. ಕೆಲವು ದಿನ ಚೆನ್ನಾಗಿ ಬರುತ್ತದೆ. ಕೆಲವು ದಿನ ಸಾಲಿನ ತುದಿಯಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನೆಚಿಹ್ನೆ ಕುಳಿತಿರುತ್ತದೆ. 60 ಅಕ್ಷರ ಎಂದರೂ ಎರಡು ಮೂರು ಪದಕ್ಕೇ ನಿಲ್ಲಿಸುತ್ತದೆ. ಫಾಂಟ್ ದೋಷವೇ?

ಗಾಣದಮನೆ, ಚಳ್ಳಕೆರೆ

ಫಾಂಟ್ ಪಾಪ ಏನೂ ಮಾಡಿಲ್ಲ. ನಿನ್ನ ಪೈನ 'ಕಟ್' ಅಕ್ಷರ ಎಣಿಸುತ್ತಿಲ್ಲ, ಬೈಟ್ ಎಣಿಸುತ್ತಿದೆ. ಅಕ್ಷರದ ಆಯ್ಕೆ ಕೊಟ್ಟರೂ ಅಷ್ಟೇ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ನಮ್ಮ ಯೂನಿಕೋಡ್ ಸಂಕೇತ ಒಂದೊಂದಕ್ಕೂ ಮೂರು. ನಿನ್ನ ಮಾವನ ಸರಕನ್ನೇ ತೂಗೋಣ. 'ಮಂಡಕ್ಕಿ' ಎಂಬಲ್ಲಿ ಬಾಯಿಗೆ ಬರುವುದು ಮೂರು ಅಕ್ಷರ: ಮಂ, ಡ, ಕ್ಕಿ. ಕಂಪ್ಯೂಟರಿನ ತಕ್ಕಡಿಯಲ್ಲಿ ಅದು ಏಳು ಸಂಕೇತ: ಮ, ಸೊನ್ನೆ, ಡ, ಕ, ಹಲಂತದ ಗುರುತು, ಇನ್ನೊಂದು ಕ, ಗುಡಿಸು. ಏಳು ಮೂರಲೆ 21 ಬೈಟ್. 60 ಬೈಟಿನಲ್ಲಿ ಮೂರು 'ಮಂಡಕ್ಕಿ' ಕೂಡ ಹಿಡಿಯುವುದಿಲ್ಲ.

ಕೆಲವು ದಿನ ಮಾತ್ರ ಏಕೆ ಎಂದರೆ, ಖಾಲಿ ಜಾಗ, ಚುಕ್ಕೆ, ಇಂಗ್ಲಿಷ್ ಅಂಕಿ ಒಂದೊಂದೇ ಬೈಟ್. ಮೊದಲ 60 ಬೈಟ್‌ನಲ್ಲಿ ಇಂಥ ಒಂಟಿಗಳು ಮೂರೋ ಆರೋ ಇದ್ದರೆ ಉಳಿದದ್ದು ಮೂರರಿಂದ ಸರಿಯಾಗಿ ಭಾಗವಾಗಿ ಕತ್ತರಿ ಗೆರೆಯ ಮೇಲೇ ಬೀಳುತ್ತದೆ. ನಾಲ್ಕೋ ಐದೋ ಇದ್ದರೆ ಒಂದು ಸಂಕೇತದ ನಡುವೆ ಬೀಳುತ್ತದೆ. ಆ ಅರ್ಧ ತುಂಡೇ ನಿನ್ನ ಕಪ್ಪು ವಜ್ರ.

ಬೈಟ್ ಬಿಟ್ಟು ಸಂಕೇತ ಎಣಿಸುವ ಸಾಧನ ತಂದರೂ ಪೂರ್ತಿ ಪರಿಹಾರವಲ್ಲ. 'ಕ್ಕಿ' ನಡುವೆ ಕತ್ತರಿಸಿದರೆ 'ಮಂಡಕ್' ಎಂದು ಅರ್ಧ ಉಸಿರಿಗೆ ನಿಲ್ಲುತ್ತದೆ. ಸರ್ವರಿನಲ್ಲಿ ಕತ್ತರಿಸಲೇಬೇಡ. ಪೂರ್ತಿ ಸಾಲನ್ನು ಪುಟಕ್ಕೆ ಕೊಟ್ಟು, ಪುಟದ ರೂಪ ಹೇಳುವ ಸಿಎಸ್‌ಎಸ್‌ನ 'ಟೆಕ್ಸ್ಟ್-ಓವರ್‌ಫ್ಲೋ'ಗೆ 'ಎಲಿಪ್ಸಿಸ್' ಎಂದು ಬರೆ. ಅದರ ಜೊತೆ ಸಾಲು ಮುರಿಯದಂತೆ 'ನೋರ್ಯಾಪ್', ಮಿಕ್ಕದ್ದು ಅಡಗುವಂತೆ 'ಹಿಡನ್' ಎರಡೂ ಇರಬೇಕು, ಇಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ. ಕಾಗುಣಿತ ಎಲ್ಲಿ ಒಡೆಯಬಾರದು ಎಂಬುದು ಬ್ರೌಸರಿಗೆ ನಮ್ಮ ಆಜ್ಞೆಗಳಿಗಿಂತ ಚೆನ್ನಾಗಿ ಗೊತ್ತು.

ಭಟ್ಟಿಹುಡುಗ, ದಾವಣಗೆರೆ

ವಜ್ರ ಹೋಯಿತು ಅಕ್ಕ. ಐದು ದಿನ ನೆಮ್ಮದಿಯಾಗಿತ್ತು. ನಿನ್ನೆ ಸುದ್ದಿ ಪುಶ್ ಮಾಡಿ ಫೋನ್ ಕೆಳಗಿಡುವುದರೊಳಗೆ ಕರೆಂಟ್ ಹೋಯಿತು. ಬಂದ ಮೇಲೆ ಪೈ ಎದ್ದಿತು, ರೆಪೊ ಏಳಲಿಲ್ಲ. ಯಾವುದೋ ಆಬ್ಜೆಕ್ಟ್ ಫೈಲ್ ಖಾಲಿ ಎನ್ನುತ್ತದೆ.

ಏಳುಸುತ್ತು, ಚಿತ್ರದುರ್ಗ

ಗಾಬರಿ ಬೇಡ, ಫೋನಿನಲ್ಲಿ ಇಡೀ ಚರಿತ್ರೆ ಇದೆ. ಕೆಟ್ಟ ಬೇರ್ ರೆಪೊಗೆ ಬೇರೆ ಹೆಸರಿಟ್ಟು ಬದಿಗಿಡಿ, ಅಳಿಸಬೇಡಿ. ಹೊಸ ಬೇರ್ ರೆಪೊ ಮಾಡುವಾಗಲೇ ಬ್ರಾಂಚ್ ಹೆಸರು 'ಮೇನ್' ಎಂದು ಕೊಡಿ. ಹಳೆಯ ಫೋಲ್ಡರಿನಿಂದ ಹುಕ್ ಫೈಲನ್ನು ನಕಲು ಮಾಡಿಕೊಂಡು, ಫೋನಿನಿಂದ ಮತ್ತೆ ಪುಶ್ ಮಾಡಿ. ಹುಕ್‌ಗಳು ಕ್ಲೋನ್ ಜೊತೆಗಾಗಲಿ ಪುಶ್ ಜೊತೆಗಾಗಲಿ ಪ್ರಯಾಣ ಮಾಡುವುದಿಲ್ಲ. ಆದ್ದರಿಂದ ಅದರದೊಂದು ಪ್ರತಿಯನ್ನು ರೆಪೊದೊಳಗೆ ಸಾಮಾನ್ಯ ಫೈಲಾಗಿ ಕಮಿಟ್ ಮಾಡಿಡಿ.

ಹೀಗಾದದ್ದಕ್ಕೆ ಕಾರಣವಿದೆ. ಪುಶ್‌ನಲ್ಲಿ ಬರುವ ಆಬ್ಜೆಕ್ಟ್‌ಗಳು (ಕಮಿಟ್‌ನಂಥ ಬಿಡಿ ತುಣುಕುಗಳು) ನೂರಕ್ಕಿಂತ ಕಡಿಮೆ ಇದ್ದರೆ ಗಿಟ್ ಅವನ್ನು ಬಿಚ್ಚಿ ಒಂದೊಂದೇ ಫೈಲಾಗಿ ಇಡುತ್ತದೆ. ನಿಮ್ಮದು ದಿನಕ್ಕೆ ಒಂದೆರಡು ಖಾಲಿ ಕಮಿಟ್, ಹಾಗಾಗಿ ಯಾವಾಗಲೂ ಬಿಡಿ ಫೈಲೇ. ಈ ಬಿಡಿ ಫೈಲುಗಳು ಪೈನ ಮೆಮೊರಿ ಕಾರ್ಡಿಗೆ ನಿಜವಾಗಿ ಇಳಿದವೇ ಎಂದು ಗಿಟ್ ತಾನಾಗಿ ಕಾಯುವುದಿಲ್ಲ. ಹೆಸರು ದಾಖಲಾಗಿ ಒಳಗಿನ ಮಾಲು ಇಳಿಯುವ ಮುನ್ನ ಕರೆಂಟ್ ಹೋದರೆ ಖಾಲಿ ಫೈಲ್ ಉಳಿಯುತ್ತದೆ. ಪೈನ ಗಿಟ್ 2.36 ಅಥವಾ ಹೊಸದಾಗಿದ್ದರೆ 'ಕೋರ್' ಚುಕ್ಕೆ 'ಎಫ್‌ಸಿಂಕ್'ಗೆ 'ಆಲ್' ಎಂದು ಕೊಡಿ. ಪುಶ್ ಕೂದಲೆಳೆಯಷ್ಟು ನಿಧಾನವಾಗುತ್ತದೆ. ದಿನಕ್ಕೆ ಎರಡು ಸಲಕ್ಕೆ ಅದೇನು ಲೆಕ್ಕ? ಒಂದು ಸಣ್ಣ ಯುಪಿಎಸ್ ಕೂಡ ಇದ್ದರೆ ಒಳ್ಳೆಯದು.

ಭಟ್ಟಿಹುಡುಗ, ದಾವಣಗೆರೆ

ಎಲ್ಲ ವಾಪಸ್ ಬಂತು. ಇನ್ನು ಕೊನೆಯದು. ಮನೆಯ ರೌಟರಿನಲ್ಲಿ ಹೊರಗಿನ ವಿಳಾಸ 100.72 ಎಂದು ಶುರುವಾಗುತ್ತದೆ. ಹೊರಗಿನಿಂದ ಬಂದವರನ್ನು ಪೈಗೆ ದಾಟಿಸುವ ಪೋರ್ಟ್ ಫಾರ್ವರ್ಡ್ ಮಾಡಿದರೂ ಮಂಡಿಪೇಟೆಯಿಂದ ಪುಟ ತೆರೆಯುವುದಿಲ್ಲ.

ಗಾಣದಮನೆ, ಚಳ್ಳಕೆರೆ

100.64ರಿಂದ 100.127ರವರೆಗಿನದು ನಿನ್ನೊಬ್ಬನ ವಿಳಾಸವಲ್ಲ, ಇಂಟರ್ನೆಟ್ ಕಂಪನಿಯವರು ಹಲವು ಮನೆಗಳಿಗೆ ಹಂಚಿಟ್ಟ ವಠಾರದ ಬಾಗಿಲು. ನಿನ್ನ ರೌಟರಿನಲ್ಲಿ ಏನು ಮಾಡಿದರೂ ಹೊರಗಿನವರು ಆ ಬಾಗಿಲು ದಾಟಲಾರರು. ಅತಿ ಚಿಕ್ಕ ಬಾಡಿಗೆ ಸರ್ವರ್ ತೆಗೆದುಕೊಂಡು ಅಲ್ಲೂ ಇದೇ ಬೇರ್ ರೆಪೊ, ಇದೇ ಹುಕ್ ಇಡು. ಫೋನಿನ ಒಂದೇ ರಿಮೋಟ್‌ಗೆ (ದೂರದ ರೆಪೊಗೆ ಇಟ್ಟ ಹೆಸರು) ಎರಡು ಪುಶ್ ವಿಳಾಸ ಕೊಟ್ಟರೆ ಒಂದೇ ಪುಶ್ ಎರಡೂ ಕಡೆ ಹೋಗುತ್ತದೆ.

ಭಟ್ಟಿಹುಡುಗ, ದಾವಣಗೆರೆ

ಬಾಡಿಗೆ ಸರ್ವರಿನ ವಿಳಾಸ ಸೇರಿಸಿದೆ. ಅಲ್ಲಿಗೆ ಹೋಗುತ್ತಿದೆ, ಆದರೆ ಪೈಗೆ ಹೋಗುವುದು ನಿಂತೇ ಹೋಯಿತು!

ಗಾಣದಮನೆ, ಚಳ್ಳಕೆರೆ

ಹೇಳಲು ಮರೆತೆ. ಪುಶ್ ವಿಳಾಸ ಎಂದು ಒಂದನ್ನು ಬರೆದ ಕೂಡಲೇ ಗಿಟ್ ಮೊದಲಿನ ವಿಳಾಸವನ್ನು ಪುಲ್‌ಗೆ ಮಾತ್ರ ಇಟ್ಟುಕೊಳ್ಳುತ್ತದೆ. ಪೈನ ವಿಳಾಸವನ್ನೂ ಅದೇ 'ಆಡ್' ಮತ್ತು 'ಪುಶ್' ಆಯ್ಕೆಗಳೊಂದಿಗೆ ಇನ್ನೊಮ್ಮೆ ಸೇರಿಸು.

ಭಟ್ಟಿಹುಡುಗ, ದಾವಣಗೆರೆ

ಈಗ ಎರಡೂ ಕಡೆ ಬಂತು. ಇಬ್ಬರಿಗೂ ಧನ್ಯವಾದ, ದಾವಣಗೆರೆಗೆ ಬಂದರೆ ತಿಳಿಸಿ, ಬಿಸಿ ಮಂಡಕ್ಕಿ ನನ್ನ ಲೆಕ್ಕದಲ್ಲಿ. ಇಂದಿನ ಸಾಲು: 'ಸರಕು ಸಿದ್ಧ. ಹನ್ನೊಂದಕ್ಕೆ ಮೂಟೆ.' ಮಾವನಿಗೆ ತೋರಿಸಿದೆ. ಕನ್ನಡಕ ಮೇಲೆತ್ತಿ ಎರಡು ಸಲ ಓದಿ, "ಎಲ್ಲ ಚೆನ್ನಾಗಿದೆ, ನಮ್ಮ ಫೋನ್ ನಂಬರ್ ಎಲ್ಲಿ?" ಎಂದರು.